ಹಳೇ ಕಾರಿನ ಎಸಿಗೆ ಯಾವ ಗ್ಯಾಸ್ ತುಂಬಿದ್ರಿ ಅಂತ ಬಿಲ್ಲಲ್ಲಿ ಬರೀರಪ್ಪ

ಸಂಪಾದಕರಿಗೆ ನಮಸ್ಕಾರ,

ಹೋದ ವಾರ ನಿಮ್ಮ ಪೇಪರಲ್ಲಿ ಬೇಸಿಗೆ ಟಿಪ್ಸ್ ಅಂತ ಒಂದು ಸಣ್ಣ ಬಾಕ್ಸ್ ಬಂದಿತ್ತು. ಮಜ್ಜಿಗೆ ಕುಡೀರಿ, ಕಾಟನ್ ಬಟ್ಟೆ ಹಾಕ್ಕೊಳ್ರಿ, ಮಧ್ಯಾಹ್ನ ಹೊರಗೆ ಹೋಗ್ಬೇಡ್ರಿ, ಅದ್ರ ಕೆಳಗೆ "ಕಾರಿನ ಎಸಿ ಗ್ಯಾಸ್ ಟಾಪ್ ಅಪ್ ಮಾಡಿಸಿಕೊಳ್ಳಿ" ಅಂತ ಒಂದು ಸಾಲು. ಮಜ್ಜಿಗೆ ಬಗ್ಗೆ ನನ್ನ ತಕರಾರಿಲ್ಲ. ಆ ಗ್ಯಾಸ್ ಸಾಲು ಓದಿ ಮಾತ್ರ ಮೈ ಉರೀತು, ಯಾಕಂದ್ರೆ ಅದೇ ಮಾತು ನಂಬಿ ಮೂರು ಬೇಸಿಗೆ ಟಾಪ್ ಅಪ್ ಮಾಡ್ಸಿ ಮಾಡ್ಸಿ ಕೊನೆಗೆ ಗ್ಯಾಸನ್ನ ಒತ್ತಿ ಪೈಪಲ್ಲಿ ಸುತ್ತಿಸೋ ಕಂಪ್ರೆಸರ್ರೇ ಕಳ್ಕೊಂಡವನು ನಾನು.

ನಂದು ಚಿತ್ರದುರ್ಗದ ಮೆದೇಹಳ್ಳಿ ರಸ್ತೇಲಿ ಪೈಪು, ಪಂಪು, ನಲ್ಲಿ ಸಾಮಾನಿನ ಹಾರ್ಡ್‌ವೇರ್ ಅಂಗಡಿ. ಕಾರು 1993ರ ಮಾರುತಿ 800, ಎಸಿ ಇರೋ ಮಾಡೆಲ್ಲು, ಅಪ್ಪ ತಗೊಂಡಿದ್ದು, ಕೆಎ-16 ನಂಬರ್ರು. ಮಾರೋದು ಬಿಟ್ಟು ಯಾಕೆ ಇಟ್ಕೊಂಡಿದೀಯ ಅಂತ ಕೇಳೋರಿಗೆ ಉತ್ರ ಕೊಟ್ಟು ಸಾಕಾಗಿದೆ. ಮೂರು ಸಿಲಿಂಡರ್, 796 ಸಿಸಿ, ಎಸಿ ಹಾಕಿದ್ರೆ ಏರಲ್ಲಿ ಏದುಸಿರು ಬಿಡುತ್ತೆ, ಲಾರಿ ಓವರ್‌ಟೇಕ್ ಮಾಡೋ ಮುಂಚೆ ಎಸಿ ಆಫ್ ಮಾಡ್ಕೊಬೇಕು. 800 ಓಡ್ಸಿದೋರಿಗೆ ಇದೆಲ್ಲ ಗೊತ್ತಿರುತ್ತೆ. ಆದ್ರೂ ಎಂಜಿನ್ ಗಟ್ಟಿ ಇದೆ, 2023ರಲ್ಲಿ ಐದು ಸಾವಿರ ಫೀಸು ಕಟ್ಟಿ ಆರ್‌ಸಿ ರಿನ್ಯೂ ಮಾಡ್ಸಿದೀನಿ, ಗಾಡಿ ನಿಯತ್ತಾಗಿ ಓಡುತ್ತೆ.

ಬಾನೆಟ್ ಎತ್ತಿದ್ರೆ ಒಳಗೆ ಒಂದು ಹಳೇ ಲೇಬಲ್ ಇದೆ, ಬಿಸಿಗೆ ಕಂದು ಬಣ್ಣಕ್ಕೆ ತಿರುಗಿದೆ, ಅದ್ರಲ್ಲಿ ಓದೋಕಾಗೋದು ಒಂದೇ ಪದ, ಆರ್-12, ಅಂದ್ರೆ ಎಸಿಗೆ ತುಂಬೋ ಗ್ಯಾಸಿನ ಹೆಸರು. ಎಷ್ಟು ಗ್ರಾಂ ಅಂತ ಬರ್ದಿರೋ ಜಾಗ ಪೂರ್ತಿ ಅಳಿಸಿ ಹೋಗಿದೆ. ಮೊದಲ ಸಲ ಕೂಲಿಂಗ್ ಕಮ್ಮಿ ಆದಾಗ ಆ ಹೆಸರು ಚೀಟೀಲಿ ಬರ್ಕೊಂಡು ಊರೆಲ್ಲ ಸುತ್ತಿದೆ. ಬಿ.ಡಿ. ರೋಡಲ್ಲಿ ಕೇಳ್ದೆ, ಚಳ್ಳಕೆರೆ ಗೇಟ್ ಹತ್ರ ಕೇಳ್ದೆ. ಒಬ್ರು "ಅದು ಬರೋದು ನಿಂತು ಕಾಲ ಆಯ್ತು ಸಾರ್" ಅಂದ್ರು, ಇನ್ನೊಬ್ರು "ಯಾವ ಗ್ಯಾಸಾದ್ರೂ ತಣ್ಣಗಾಗೋದು ಒಂದೇ ಅಲ್ವಾ ಸಾರ್" ಅಂದ್ರು. ಈ ಎರಡನೇ ಮಾತಿಗೆ ಅವತ್ತು ನಾನೂ ಹೌದಲ್ವಾ ಅಂದೆ, ಈಗ ನೆನೆಸ್ಕೊಂಡ್ರೆ ತಲೆ ಚಚ್ಕೊಬೇಕು ಅನ್ಸುತ್ತೆ.

ಆರ್-12 ಯಾಕೆ ಸಿಗಲ್ಲ ಅಂತ ಸುಮಾರು ಜನ್ರಿಗೆ ಗೊತ್ತಿಲ್ಲ, ಕಂಪನಿಯೋರು ಹೊಸ ಕಾರು ಮಾರಕ್ಕೆ ನಿಲ್ಸಿದಾರೆ ಅಂದ್ಕೊಂಡಿದಾರೆ. ನಾನೂ ಹಂಗೇ ಅಂದ್ಕೊಂಡಿದ್ದೆ. ಬಿಎಸ್ಸೀಲಿ ಕೆಮಿಸ್ಟ್ರಿ ಓದಿರೋ ಮಗಳು ಬಿಡಿಸಿ ಹೇಳಿದ್ಲು. ಈ ಗ್ಯಾಸು ಹೊತ್ಕೊಳ್ಳಲ್ಲ, ವಿಷ ಅಲ್ಲ, ವಾಸನೆ ಇಲ್ಲ, ಅದಕ್ಕೇ ಫ್ರಿಜ್ಜಿಂದ ಕಾರಿನ ತನಕ ಎಲ್ಲಾ ಕಡೆ ಇದನ್ನೇ ತುಂಬ್ತಿದ್ರಂತೆ. ಒಂದೇ ಐಬು ಅಂದ್ರೆ ಇದ್ರಲ್ಲಿ ಕ್ಲೋರಿನ್ ಇದೆ, ಲೀಕಾಗಿ ಮೇಲೆ ಹೋದ್ರೆ ಓಝೋನ್ ಪದರವನ್ನ ತಿನ್ನುತ್ತೆ. 1974ರಲ್ಲೇ ಮೊಲಿನಾ, ರೋಲ್ಯಾಂಡ್ ಅನ್ನೋ ಇಬ್ರು ವಿಜ್ಞಾನಿಗಳು ಇದನ್ನ ಹೇಳಿದ್ರು, 1985ರಲ್ಲಿ ಅಂಟಾರ್ಟಿಕಾ ಮೇಲೆ ಓಝೋನ್ ತೆಳ್ಳಗಾಗಿರೋದು ಅಳತೆಗೇ ಸಿಕ್ತು, 1987ರ ಸೆಪ್ಟೆಂಬರ್ 16ಕ್ಕೆ ಇಂಥ ಗ್ಯಾಸುಗಳನ್ನ ನಿಲ್ಲಿಸೋಕೆ ದೇಶದೇಶಗಳ ನಡುವೆ ಮಾಂಟ್ರಿಯಲ್ ಒಪ್ಪಂದ ಆಯ್ತು. ನಮ್ಮ ದೇಶ ಅದಕ್ಕೆ ಸೇರಿದ್ದು 1992ರಲ್ಲಿ. ನಮ್ಮಪ್ಪ ಕಾರು ತಗೊಂಡಿದ್ದು ಅದ್ರ ಮಾರನೇ ವರ್ಷ! ಶೋರೂಮಲ್ಲಿ ಒಬ್ರಾದ್ರೂ "ಯಜಮಾನ್ರೇ, ಈ ಗ್ಯಾಸಿಗೆ ಮುಂದೆ ಭವಿಷ್ಯ ಇಲ್ಲ" ಅಂತ ಹೇಳಿದ್ರಾ, ಇಲ್ಲ. ಹೇಳಿದ್ರೂ ನಮ್ಮಪ್ಪ ಎಸಿ ಬಿಡ್ತಿರ್ಲಿಲ್ಲ ಅದು ಬೇರೆ ಮಾತು.

2000ನೇ ಇಸ್ವೀಲಿ ಇದಕ್ಕೆ ಅಂತಲೇ ಕೇಂದ್ರ ಸರ್ಕಾರದ ರೂಲ್ಸ್ ಬಂತು, 2003ರಿಂದ ಹೊಸ ಸಾಮಾನಿಗೆ ಈ ಜಾತಿ ಗ್ಯಾಸ್ ತುಂಬೋದು ಬಂದ್ ಆಯ್ತು, 2008ರ ಆಗಸ್ಟಿಂದ ದೇಶದಲ್ಲಿ ತಯಾರ್ ಮಾಡೋದೂ ನಿಂತೋಯ್ತು, ಉಸಿರಾಟದ ಕಾಯಿಲೆಯೋರ ಇನ್ಹೇಲರಿಗೆ ಬೇಕಾಗಿದ್ದು ಮಾತ್ರ ಬಿಟ್ಟಿದ್ರು. ಹಂಗಾಗಿ ಇವತ್ತು ಯಾರಾದ್ರೂ "ಒರಿಜಿನಲ್ ಆರ್-12 ಸ್ಟಾಕ್ ಐತೆ, ಬೇರೆ ಯಾರಿಗೂ ಹೇಳ್ಬೇಡ್ರಿ" ಅಂತ ಪಿಸುಪಿಸು ಅಂದ್ರೆ ದಯವಿಟ್ಟು ಅಲ್ಲಿಂದ ಎದ್ದು ಬನ್ನಿ. ಬಿಳೀ ಸಿಲಿಂಡರ್ ತೋರಿಸ್ತಾರೆ, ಆ ಕಾಲದಲ್ಲಿ ಆರ್-12 ಬಿಳೀ ಸಿಲಿಂಡರಲ್ಲಿ ಬರ್ತಿತ್ತು ನಿಜ, ಆದ್ರೆ ಪೇಂಟು ನಮ್ಮ ಅಂಗಡೀಲೂ ಸಿಗುತ್ತೆ ಸ್ವಾಮಿ.

ಈಗ ನನ್ನ ಕಥೆಗೆ ಬರ್ತೀನಿ. ಮೊದಲ ಬೇಸಿಗೇಲಿ ಒಂದು ಅಂಗಡಿಯೋರು ತಿಳಿನೀಲಿ ಟಿನ್ನಲ್ಲಿ ಬರೋ 134 ತುಂಬಿದ್ರು. ಪೂರ್ತಿ ಹೆಸರು ಆರ್-134ಎ, ಈಗ ರೋಡಲ್ಲಿರೋ ಹೆಚ್ಚು ಕಮ್ಮಿ ಎಲ್ಲಾ ಕಾರಿಗೂ ಅದೇ, ಎಲ್ಲಿ ಬೇಕಾದ್ರೂ ಸಿಗುತ್ತೆ, ಓಝೋನಿಗೆ ತೊಂದ್ರೆ ಇಲ್ಲ. ಗ್ಯಾಸ್ ಒಳ್ಳೇದೇ, ಹಾಕಿದ ರೀತಿ ಕೆಟ್ಟದ್ದು. ಹಳೇ ಗ್ಯಾಸ್ ಎಷ್ಟು ಉಳಿದಿದೆ ನೋಡಲಿಲ್ಲ, ಲೀಕ್ ಎಲ್ಲಿದೆ ಹುಡುಕಲಿಲ್ಲ, ಆಯಿಲ್ ಬದಲಾಯಿಸಲಿಲ್ಲ, ಹತ್ತು ನಿಮಿಷದಲ್ಲಿ ಪೈಪ್ ಚುಚ್ಚಿ ಭುಸ್ ಅನ್ನಿಸಿ ಕಳಿಸಿದ್ರು. ಬಿಲ್ ಕೇಳಿದ್ರೆ ಒಂದು ಚೀಟೀಲಿ "ಎಸಿ ಕೆಲಸ" ಅಂತ ಎರಡೇ ಪದ. ಆ ಸಾಯಂಕಾಲ ಐಸ್ ಐಸ್, ಮನೆ ಮಂದಿಯೆಲ್ಲ ಚಂದ್ರವಳ್ಳಿ ತನಕ ಒಂದು ರೌಂಡ್ ಹೋಗಿ ಬಂದ್ವಿ. ದಸರಾ ಹೊತ್ತಿಗೆ ಮತ್ತೆ ಬಿಸಿಗಾಳಿ. ಎರಡನೇ ಬೇಸಿಗೆ ಇನ್ನೊಂದು ಅಂಗಡಿ, ಅವ್ರು ಏನ್ ತುಂಬಿದ್ರೋ ಇವತ್ತಿಗೂ ಗೊತ್ತಿಲ್ಲ. ಮೂರನೇದು ಮೊದಲನೇ ಅಂಗಡೀಗೇ ವಾಪಸ್. ಒಳಗಿರೋದು ಏನು ಅಂತ ಅವ್ರೂ ಕೇಳಲಿಲ್ಲ, ನನಗೂ ಹೇಳಕ್ಕೆ ಗೊತ್ತಿರ್ಲಿಲ್ಲ.

ಅದೇ ಏಪ್ರಿಲ್‌ನಲ್ಲಿ ಅಮ್ಮನ್ನ ಮಂಡಿನೋವಿಗೆ ದಾವಣಗೆರೆ ಡಾಕ್ಟರ್ ಹತ್ರ ಕರ್ಕೊಂಡು ಹೋಗ್ತಿದ್ದೆ. ಭರಮಸಾಗರ ದಾಟಿ ಸ್ವಲ್ಪ ಮುಂದೆ, ಮಧ್ಯಾಹ್ನ ಒಂದೂವರೆ, ಹೈವೇ ಮೇಲೆ ಬಿಸಿಲು ನೀರಿನ ಥರ ಅಲುಗಾಡ್ತಾ ಇತ್ತು. ಬಾನೆಟ್ ಒಳಗಿಂದ ಕಿರ್ರ್ ಅಂತ ಹಂದಿ ಕೂಗಿದಂಗೆ ಸದ್ದು, ಆಮೇಲೆ ರಬ್ಬರ್ ಸುಟ್ಟ ವಾಸನೆ. ಸೈಡಿಗೆ ಹಾಕಿ ನೋಡಿದ್ರೆ ಕಂಪ್ರೆಸರ್ ಜಾಮ್, ಬೆಲ್ಟು ನಿಂತಿರೋ ಪುಲ್ಲಿ ಮೇಲೆ ಉಜ್ಜಿ ಉಜ್ಜಿ ಹೊಗೆ ಬರ್ತಾ ಇದೆ. ಪುಣ್ಯಕ್ಕೆ ಎಸಿ ಬೆಲ್ಟ್ ಬೇರೆ ಇತ್ತು, ಅದನ್ನ ಬಿಚ್ಚಿ ಡಿಕ್ಕಿಗೆ ಹಾಕಿ, ನಾಕೂ ಕಿಟಕಿ ಇಳಿಸಿ ಹೊರಟ್ವಿ. ಅಮ್ಮ ಹಿಂದಿನ ಸೀಟಿಂದ "ಮೊದ್ಲೇ ಹೇಳ್ದೆ, ಕಿಟಕಿ ಇಳ್ಸೋ, ದೇವ್ರು ಕೊಟ್ಟ ಗಾಳಿ ಬರ್ಲಿ ಅಂತ" ಅಂದ್ರು. ಆ ದೇವರ ಗಾಳೀಲಿ ಹಪ್ಪಳ ಸುಡಬಹುದಿತ್ತು.

ದಾವಣಗೆರೇಲಿ ಪಿ.ಬಿ. ರೋಡ್ ಪಕ್ಕದ ಒಂದು ಓಣೀಲಿ ಒಬ್ಬ ಮೆಕ್ಯಾನಿಕ್ ಸಿಕ್ಕಿದ್ರು. ಹೆಸರು ಹಾಕಲ್ಲ, ಹಾಕಿದ್ರೆ ನನ್ನ ಮುಂದಿನ ಸರ್ವಿಸಿಗೆ ಕ್ಯೂ ನಿಲ್ಬೇಕಾಗುತ್ತೆ. ಕಂಪ್ರೆಸರ್ ಬಿಚ್ಚಿ ಬಗ್ಗಿಸಿ ಬಿಳೀ ಬನಿಯನ್ ಬಟ್ಟೆ ಮೇಲೆ ಒಳಗಿನ ಆಯಿಲ್ ಸುರಿದ್ರು. ಎರಡು ಚಮಚದಷ್ಟು ಬಂತು, ಕರೀ ಬಣ್ಣ, ಬೆರಳಲ್ಲಿ ಉಜ್ಜಿದ್ರೆ ಅಲ್ಯೂಮಿನಿಯಂ ಪುಡಿ ಮಿಣಮಿಣ ಅನ್ನುತ್ತೆ. "ಎಣ್ಣೆ ಇಲ್ದೆ ಒಣಗಿ ಸತ್ತೈತ್ರಿ ಇದು" ಅಂದ್ರು. ನಾನು ಗ್ಯಾಸ್ ಖಾಲಿ ಆಗಿರ್ಬೇಕು ಅಂದೆ, ಅದಕ್ಕೆ ಅವ್ರು "ಗ್ಯಾಸ್ ಏನ್ ಪೆಟ್ರೋಲಾ ಸಾರ್, ಓಡ್ಸಿದ್ರೆ ಖರ್ಚಾಗಾಕೆ? ಪೈಪಿನಾಗೇ ಸುತ್ತೋದು ಅದು. ಕಮ್ಮಿ ಆತು ಅಂದ್ರೆ ಎಲ್ಲೋ ತೂತು ಐತೆ ಅಂತಲೇ ಅರ್ಥ" ಅಂದ್ರು. ಸಂಪಾದಕರೇ, ನಿಮ್ಮ ಬಾಕ್ಸಲ್ಲಿ ಬರಬೇಕಾಗಿದ್ದ ಸಾಲು ಇದು.

ಎಣ್ಣೆ ಕಥೆ ಏನಪ್ಪಾ ಅಂದ್ರೆ, ಎಸಿ ಕಂಪ್ರೆಸರಿಗೆ ಎಂಜಿನ್ ಥರ ಬೇರೆ ಆಯಿಲ್ ಪಂಪು ಸಂಪು ಏನೂ ಇರಲ್ಲ, ಗ್ಯಾಸಿನ ಜತೆ ಸೇರ್ಕೊಂಡೇ ಎಣ್ಣೆ ಪೂರ್ತಿ ಪೈಪ್ ಸುತ್ತಿ ವಾಪಸ್ ಕಂಪ್ರೆಸರಿಗೆ ಬರ್ಬೇಕು. ಆರ್-12 ಕಾರಲ್ಲಿ ಇರೋದು ಮಿನರಲ್ ಆಯಿಲ್, ಅದು ಆರ್-12 ಜತೆ ಚೆನ್ನಾಗಿ ಬೆರೆಯುತ್ತೆ, 134 ಜತೆ ಬೆರೆಯಲ್ಲ, ನೀರಿಗೂ ಎಣ್ಣೆಗೂ ಇದ್ದಂಗೆ. ಹಂಗಾಗಿ ಬರೀ ಗ್ಯಾಸ್ ಬದಲಾಯಿಸಿ ಎಣ್ಣೆ ಹಳೇದೇ ಬಿಟ್ರೆ, ಆ ಎಣ್ಣೆ ಕೂಲಿಂಗ್ ಕಾಯಿಲಲ್ಲೋ ತೇವ ಹೀರೋ ಡ್ರೈಯರಲ್ಲೋ ಹೋಗಿ ಕೂತ್ಕೊಳ್ಳುತ್ತೆ, ಕಂಪ್ರೆಸರಿಗೆ ವಾಪಸ್ ಬರಲ್ಲ. ತಣ್ಣಗೆ ಗಾಳಿ ಬರ್ತಾನೇ ಇರುತ್ತೆ, ಅದೇ ಮೋಸ, ಒಳಗೆ ಮೆಟಲ್ಲಿಗೆ ಮೆಟಲ್ ಉಜ್ಜಿ ಸಾಯ್ತಾ ಇರುತ್ತೆ. 134ಗೆ ಅದ್ರ ಜತೆ ಬೆರೆಯೋ ಪಿಎಜಿ ಅಥವಾ ಎಸ್ಟರ್ ಅನ್ನೋ ಸಿಂಥೆಟಿಕ್ ಆಯಿಲ್ ಬೇಕು. ಹಳೇ ಕಾರನ್ನ ಕನ್ವರ್ಟ್ ಮಾಡುವಾಗ ಎಸ್ಟರ್ ಆಯಿಲ್ ವಾಸಿ, ಅಲ್ಪ ಸ್ವಲ್ಪ ಹಳೇ ಎಣ್ಣೆ ಉಳಿದಿದ್ರೂ ತಡ್ಕೊಳ್ಳುತ್ತೆ ಅಂತ ಅವ್ರು ಅದನ್ನೇ ಹಾಕಿದ್ರು.

ಇನ್ನೊಂದು ವಿಷಯ ಕೇಳಿ ನನಗೆ ನಗು ಬಂತು, ಸಿಟ್ಟೂ ಬಂತು. ಆರ್-12 ಕಾರಲ್ಲಿ ಗ್ಯಾಸ್ ತುಂಬೋ ಬಾಯಿ ತಿರುಪಿಂದು, 134 ಕಾರಲ್ಲಿ ಒತ್ತಿದ್ರೆ ಕೂರೋ ಕಪ್ಲರ್ರು, ಅಳತೆಯೂ ಬೇರೆ. ಒಂದರ ಹೋಸು ಇನ್ನೊಂದಕ್ಕೆ ಕೂರಬಾರದು, ಗ್ಯಾಸು ಮಿಕ್ಸ್ ಆಗಬಾರದು ಅಂತ ಬೇಕಂತಲೇ ಹಂಗೆ ಮಾಡಿದಾರೆ. ನಮ್ಮೋರು ಅದಕ್ಕೆ ಒಂದು ಹಿತ್ತಾಳೆ ಅಡಾಪ್ಟರ್ ಹಾಕಿ ಎಲ್ಲಾ ಗ್ಯಾಸು ಎಲ್ಲಾ ಕಾರಿಗೂ ಹೋಗೋ ಥರ ಮಾಡ್ಕೊಂಡಿದಾರೆ. ಸರಿಯಾಗಿ ಕನ್ವರ್ಟ್ ಮಾಡೋರೂ ಅದನ್ನ ಹಾಕ್ತಾರೆ, ಆದ್ರೆ ಅವ್ರು ಒಮ್ಮೆ ಹಾಕಿ ಖಾಯಂ ಬಿಡ್ತಾರೆ, ಮೇಲೆ ಚೀಟಿ ಅಂಟಿಸ್ತಾರೆ. ಉಳಿದೋರು ತುಂಬಿ ಆದ್ಮೇಲೆ ಬಿಚ್ಕೊಂಡು ಜೇಬಿಗೆ ಹಾಕ್ಕೊಳ್ತಾರೆ, ಮುಂದೆ ಬರೋನಿಗೆ ಹಳೇ ತಿರುಪು ಬಾಯಿ ನೋಡಿ ಒಳಗೆ ಆರ್-12 ಇದೆ ಅಂತಲೇ ಅನ್ಸುತ್ತೆ.

ಕೆಲಸ ಎರಡು ದಿನ ಹಿಡೀತು. ರೀಕಂಡೀಶನ್ ಕಂಪ್ರೆಸರ್, ಹೊಸ ಡ್ರೈಯರ್, ಸಣ್ಣ ತೂತಲ್ಲಿ ಗ್ಯಾಸ್ ಬಿಡೋ ಹೊಸ ಎಕ್ಸ್‌ಪಾನ್ಶನ್ ವಾಲ್ವ್, ಪೈಪು ಕಾಯಿಲು ಎಲ್ಲಾ ಫ್ಲಶ್. ಓ ರಿಂಗ್ ವಿಷಯದಲ್ಲಿ ಮಾತ್ರ ನಾನು ಸ್ವಲ್ಪ ಮೂಗು ತೂರ್ಸಿದೆ, ದಿನಾ ಮಾರೋ ಸಾಮಾನಲ್ವಾ. ಹಳೇ ಕರೀ ರಬ್ಬರ್ ರಿಂಗು ಉಗುರಲ್ಲಿ ಒತ್ತಿದ್ರೆ ಬಿಸ್ಕತ್ ಥರ ಮುರೀತಿತ್ತು, ಅಲ್ಲೇ ಲೀಕು. 134 ಮತ್ತೆ ಅದ್ರ ಎಣ್ಣೆಗೆ ತಡ್ಕೊಳ್ಳೋ ರಬ್ಬರ್ರೇ ಬೇರೆ, ಸಾಮಾನ್ಯವಾಗಿ ಹಸಿರು ಬಣ್ಣದಲ್ಲಿ ಬರುತ್ತೆ, ನಮ್ಮ ನಲ್ಲಿ ರಿಂಗು ನಡೆಯಲ್ಲ, ಅಳತೆ ಕೂತ್ರೂ ನಡೆಯಲ್ಲ. ಗ್ಯಾಸಿನ ಬಿಸಿ ಹೊರಗೆ ಹಾಕೋ ಕಂಡೆನ್ಸರ್ ಕೂಡ ಹಳೇ ಕೊಳವೆ ಥರದ್ದು ತೆಗೆದು, ಸಣ್ಣ ಚಪ್ಪಟೆ ನಾಳ ಸಾಲಾಗಿರೋ ಪ್ಯಾರಲಲ್ ಫ್ಲೋ ಹಾಕಿಸ್ಕೊಳ್ರಿ ಅಂದ್ರು, ಯಾಕಂದ್ರೆ ನಮ್ಮ ಕಡೆ ಬಿಸಿಲಲ್ಲಿ 134ರ ಪ್ರೆಶರ್ ಆರ್-12ಗಿಂತ ಮೇಲೆ ಹೋಗುತ್ತೆ, ಹಳೇ ಕಂಡೆನ್ಸರ್ ಅಷ್ಟು ಬಿಸಿ ಹೊರಗೆ ಹಾಕಲ್ಲ, ಸಿಗ್ನಲಲ್ಲಿ ನಿಂತ್ರೆ ಕೂಲಿಂಗ್ ಸತ್ತೋಗುತ್ತೆ. ಖರ್ಚು ಜಾಸ್ತಿ ಆಯ್ತು ಅಂತ ಮನೇಲಿ ಬೈಸ್ಕೊಂಡೆ, ಮೊತ್ತ ಇಲ್ಲಿ ಬರೆದ್ರೆ ಮತ್ತೊಂದು ರೌಂಡ್ ಬೈಗುಳ ಬೀಳುತ್ತೆ.

ಆಮೇಲೆ ವ್ಯಾಕ್ಯೂಮ್ ಪಂಪ್ ಹಾಕಿ ಮುಕ್ಕಾಲು ಗಂಟೆ ಬಿಟ್ರು, ಪಂಪ್ ನಿಲ್ಲಿಸಿ ಗೇಜ್ ಮುಳ್ಳು ಏರುತ್ತಾ ಅಂತ ಒಂದು ಟೀ ಕುಡಿಯೋಷ್ಟು ಹೊತ್ತು ಕಾದ್ರು, ಏರಲಿಲ್ಲ. ಒಳಗೆ ತೇವ ಉಳಿದ್ರೆ ವಾಲ್ವಿನ ಸಣ್ಣ ತೂತಲ್ಲಿ ಐಸ್ ಕಟ್ಟಿ ಎಸಿ ಬಂದು ಬಂದು ಹೋಗುತ್ತಂತೆ, ಕೆಲವು ಕಾರಲ್ಲಿ ಅರ್ಧ ಗಂಟೆ ತಣ್ಣಗೆ, ಆಮೇಲೆ ಬಿಸಿ, ಮತ್ತೆ ತಣ್ಣಗೆ ಅನ್ನೋದು ಇದಕ್ಕೇ. ಗ್ಯಾಸ್ ತುಂಬಿದ್ದು ತೂಕ ನೋಡಿ, ಕಿರಾಣಿ ಅಂಗಡೀಲಿರೋ ಥರದ ಡಿಜಿಟಲ್ ತಕ್ಕಡಿ ಮೇಲೆ ಟಿನ್ ಇಟ್ಟು. ಆರ್-12 ಎಷ್ಟು ಗ್ರಾಂ ಬೇಕಿತ್ತೋ ಅದ್ರ ಶೇಕಡ 80ರಿಂದ 90ರಷ್ಟು ಸಾಕು. ನನ್ನ ಲೇಬಲಲ್ಲಿ ಅಳಿಸಿ ಹೋಗಿದ್ದ ಗ್ರಾಂ ಲೆಕ್ಕವನ್ನ ಅವ್ರ ಹಳೇ ನೋಟ್‌ಬುಕ್ಕಿಂದ ತೆಗೆದ್ರು. ಡ್ರೈಯರ್ ಮೇಲೆ ಒಂದು ಗಾಜಿನ ಕಿಂಡಿ ಇರುತ್ತಲ್ಲ, ಅದ್ರಲ್ಲಿ ಗುಳ್ಳೆ ಹೋಗೋ ತನಕ ತುಂಬ್ತಾರೆ ನಮ್ಮ ಕಡೆ, ಆರ್-12 ಕಾಲದ ಅಭ್ಯಾಸ ಅದು, 134ಗೆ ಹಂಗೆ ಮಾಡಿದ್ರೆ ಓವರ್ ಆಗುತ್ತೆ, ಕೂಲಿಂಗ್ ಕಮ್ಮಿ ಆಗುತ್ತೆ, ಕಂಪ್ರೆಸರಿಗೂ ಹೊರೆ.

ಇದಕ್ಕಿಂತ ಭಯ ಆಗೋದು ಬೇರೆ ಇದೆ. ನಾನು ಊರು ಸುತ್ತುವಾಗ ಒಬ್ರು ಅಡುಗೆ ಗ್ಯಾಸ್ ತುಂಬಿ ಕೊಡ್ತೀನಿ, ಸಕತ್ ಕೂಲಿಂಗ್ ಬರುತ್ತೆ ಅಂದ್ರು. ಬರುತ್ತೆ, ಸುಳ್ಳಲ್ಲ, ಪ್ರೊಪೇನು ಬ್ಯೂಟೇನು ತಣ್ಣಗೆ ಮಾಡೋ ಗ್ಯಾಸುಗಳೇ, ಈಗಿನ ಫ್ರಿಜ್ಜಿನ ಹಿಂದೆ ಆರ್-600ಎ ಅಂತ ಬರ್ದಿರೋದು ಐಸೋಬ್ಯೂಟೇನೇ. ಆದ್ರೆ ಫ್ರಿಜ್ಜಲ್ಲಿ ಅದು ಇರೋದು ಕೆಲವೇ ಗ್ರಾಂ, ಪೈಪೆಲ್ಲ ಬೆಸುಗೆ ಹಾಕಿ ಮುಚ್ಚಿರುತ್ತೆ. ಕಾರಿನ ಕೂಲಿಂಗ್ ಕಾಯಿಲ್ ಇರೋದು ಡ್ಯಾಶ್‌ಬೋರ್ಡ್ ಒಳಗೆ, ನಮ್ಮ ಮೊಣಕಾಲ ಹತ್ರ, ಪಕ್ಕದಲ್ಲೇ ಬ್ಲೋಯರ್ ಮೋಟರ್ರು. ಕಿಟಕಿ ಎಲ್ಲಾ ಮುಚ್ಚಿರೋ ಡಬ್ಬಿ ಒಳಗೆ ಅಡುಗೆ ಗ್ಯಾಸ್ ಲೀಕಾಗಿ ಒಂದು ಕಿಡಿ ಬಿತ್ತು ಅಂದ್ರೆ ಯೋಚನೆ ಮಾಡಿ. ಇನ್ನು ಕೆಲವರು ಮನೆ ಎಸಿಯ ಆರ್-22 ತುಂಬ್ತಾರೆ, ಅದ್ರ ಪ್ರೆಶರ್ರಿಗೆ ಕಾರಿನ ಹಳೇ ಹೋಸು ತಡೆಯಲ್ಲ, ಒಡೆಯುತ್ತೆ. ನಕಲಿ 134 ಕಥೆ ಇನ್ನೂ ಕೆಟ್ಟದ್ದು. ಮೀಥೈಲ್ ಕ್ಲೋರೈಡ್ ಬೆರೆಸಿ ಮಾರ್ತಾರೆ, ಅದು ಅಲ್ಯೂಮಿನಿಯಂ ಜತೆ ಸೇರಿ ಗಾಳಿ ತಾಗಿದ್ರೇ ಹೊತ್ಕೊಳ್ಳೋ ವಸ್ತು ಆಗುತ್ತೆ. 2011ರಲ್ಲಿ ಹಡಗಿನ ಕೋಲ್ಡ್ ಕಂಟೇನರುಗಳು ಇದರಿಂದಲೇ ಸಿಡಿದು ಬೇರೆ ದೇಶಗಳಲ್ಲಿ ಕೆಲಸದೋರು ಸತ್ತಿದಾರೆ. ನನ್ನ ಕಾರಲ್ಲಿ ಎರಡನೇ ಬೇಸಿಗೇಲಿ ತುಂಬಿದ್ದು ಇದ್ರಲ್ಲಿ ಯಾವುದು ಅಂತ ನೆನೆಸ್ಕೊಂಡ್ರೆ, ಹಿಂದೆ ಕೂತಿದ್ದ ಅಮ್ಮನ ಮುಖ ಕಣ್ಮುಂದೆ ಬರುತ್ತೆ.

ನನ್ನ ದೂರು ಗ್ಯಾಸ್ ಸಿಗಲ್ಲ ಅಂತ ಅಲ್ಲ. ಆರ್-12 ಹೋಯ್ತು, ಹೋಗಬೇಕಾಗಿದ್ದೇ, ಅದಕ್ಕೆ ಬದಲಿ ದಾರಿ ಇದೆ. ಯಾವ ಕಾರಿನ ಪೈಪಲ್ಲಿ ಯಾವ ಗ್ಯಾಸ್ ಇದೆ ಅಂತ ಯಾರೂ ಎಲ್ಲೂ ಬರೆಯಲ್ಲ ಅನ್ನೋದು ನನ್ನ ದೂರು. ನಮ್ಮ ಅಂಗಡೀಲಿ ಮೂರು ರೂಪಾಯಿ ವಾಷರಿಗೂ ಸೈಜ್ ಬರೆದು ಬಿಲ್ ಕೊಡ್ತೀನಿ, ಸಾವಿರಾರು ರೂಪಾಯಿ ಎಸಿ ಕೆಲಸಕ್ಕೆ "ಎಸಿ ಕೆಲಸ" ಅಂತ ಗೀಚಿದ್ರೆ ಹೆಂಗೆ? ಗ್ಯಾಸಿನ ಹೆಸರು, ಎಷ್ಟು ಗ್ರಾಂ, ಯಾವ ಎಣ್ಣೆ, ತಾರೀಖು, ಇಷ್ಟು ಬಿಲ್ಲಲ್ಲಿ ಇರ್ಲಿ, ಇಷ್ಟೇ ಬರೆದ ಒಂದು ಸ್ಟಿಕ್ಕರ್ ಬಾನೆಟ್ ಒಳಗೆ ಇರ್ಲಿ. ಹದಿನೈದು ವರ್ಷ ದಾಟಿದ ಗಾಡಿ ಐದೈದು ವರ್ಷಕ್ಕೆ ಆರ್‌ಟಿಒ ಮುಂದೆ ಹೋಗಿ ನಿಲ್ಲಲೇಬೇಕು, ಹಾರ್ನು, ಇಂಡಿಕೇಟರು, ಹೊಗೆ ಎಲ್ಲಾ ನೋಡ್ತಾರೆ, ಜತೆಗೆ ಬಾನೆಟ್ ಎತ್ತಿ ಈ ಸ್ಟಿಕ್ಕರ್ ಇದೆಯಾ ಅಂತಲೂ ಒಂದು ಕಣ್ಣು ಹಾಯಿಸಿದ್ರೆ ಅಡುಗೆ ಗ್ಯಾಸ್ ತುಂಬೋರಿಗೆ ಸ್ವಲ್ಪ ಹೆದ್ರಿಕೆ ಆದ್ರೂ ಇರುತ್ತೆ.

ಜತೆಗೆ ಹಳೇ ಗ್ಯಾಸನ್ನ ಗಾಳಿಗೆ ಬಿಡೋದೂ ನಿಲ್ಲಬೇಕು. ನಾನು ನೋಡಿದ ಅಂಗಡೀಲೆಲ್ಲ ಪೈಪ್ ಲೂಸ್ ಮಾಡಿ ಭುಸ್ ಅನ್ನಿಸೋದೇ, ಎಳೆದು ಸಿಲಿಂಡರಿಗೆ ತುಂಬೋ ಮೆಶಿನ್ ದಾವಣಗೆರೆಯ ಆ ಓಣೀಲಿ ಮಾತ್ರ ನೋಡಿದ್ದು. 134 ಓಝೋನ್ ತಿನ್ನಲ್ಲ ನಿಜ, ಆದ್ರೆ ಭೂಮಿ ಬಿಸಿ ಮಾಡೋದ್ರಲ್ಲಿ ಕಾರ್ಬನ್ ಡೈಆಕ್ಸೈಡ್‌ಗಿಂತ 1,430 ಪಟ್ಟು ಜೋರು. ಮಗಳು ಫೋನಲ್ಲಿ ಲೆಕ್ಕ ಹಾಕಿದ್ಲು, 450 ಗ್ರಾಮಿನ ಒಂದು ಟಿನ್ ಗಾಳಿಗೆ ಬಿಟ್ರೆ ಸುಮಾರು 640 ಕೆಜಿ ಕಾರ್ಬನ್ ಡೈಆಕ್ಸೈಡ್ ಬಿಟ್ಟಂಗೆ, ಅಂದ್ರೆ ಹತ್ತತ್ರ 280 ಲೀಟರ್ ಪೆಟ್ರೋಲ್ ಸುಟ್ಟಂಗೆ, ಅಷ್ಟು ಪೆಟ್ರೋಲಲ್ಲಿ ನನ್ನ 800 ಇಲ್ಲಿಂದ ಬೆಂಗಳೂರಿಗೆ ಹತ್ತು ಸಲ ಹೋಗಿ ಬರುತ್ತೆ. ಆರ್-12 ಆಗಿದ್ರೆ ಅದ್ರ ಏಳು ಪಟ್ಟಿಗೂ ಜಾಸ್ತಿ. ಅದೇ ಮಾಂಟ್ರಿಯಲ್ ಒಪ್ಪಂದಕ್ಕೆ ಆದ 2016ರ ಕಿಗಾಲಿ ತಿದ್ದುಪಡಿ ಪ್ರಕಾರ 134 ಜಾತಿಯ ಗ್ಯಾಸುಗಳನ್ನೂ ನಮ್ಮ ದೇಶ 2032ರಿಂದ ಹಂತ ಹಂತವಾಗಿ ಇಳಿಸ್ಬೇಕು, 2047ಕ್ಕೆ ಶೇಕಡ 85ರಷ್ಟು ಕಮ್ಮಿ ಆಗ್ಬೇಕು. ಇವತ್ತು ಹೊಸ ಕಾರು ಇಟ್ಕೊಂಡು ನನ್ನ ನೋಡಿ ನಗೋರೂ ಒಂದಿನ ಚೀಟಿ ಹಿಡ್ಕೊಂಡು 134 ಹುಡುಕ್ತಾ ಬಿ.ಡಿ. ರೋಡಿಗೆ ಬರಬಹುದು.

ನನ್ನ ಕಾರಿನ ಬಾನೆಟ್ ಒಳಗೆ ಈಗ ಹಳೇ ಲೇಬಲ್ ಪಕ್ಕ ಹೊಸದೊಂದು ಇದೆ, ಆ ಮೆಕ್ಯಾನಿಕ್ ಪೇಂಟ್ ಪೆನ್ನಲ್ಲಿ ದಪ್ಪಗೆ ಬರೆದಿದ್ದು, "134, ಎಸ್ಟರ್ ಆಯಿಲ್", ಕೆಳಗೆ ಗ್ರಾಮು, ತಾರೀಖು, ಅವ್ರ ಸಹಿ. ಮುಂದಿನ ವಾರದ ಬಾಕ್ಸಲ್ಲಿ ಟಾಪ್ ಅಪ್ ಸಾಲು ತೆಗೆದು "ಮೊದಲು ಲೀಕ್ ಹುಡುಕಿಸಿ, ಬಿಲ್ಲಲ್ಲಿ ಗ್ಯಾಸಿನ ಹೆಸರು ಬರೆಸಿ" ಅಂತ ಹಾಕ್ತೀರಾ ಅಂತ ಕೇಳ್ಕೊಳ್ತಾ,

ನಿಮ್ಮ ಓದುಗ
ಮೆದೇಹಳ್ಳಿ ರಸ್ತೆ, ಚಿತ್ರದುರ್ಗ

ತಾ.ಕ.: ಮಳೆಗಾಲ ಚಳಿಗಾಲದಲ್ಲೂ ವಾರಕ್ಕೊಂದ್ಸಲ ಹತ್ತು ನಿಮಿಷ ಎಸಿ ಹಾಕಿ. ಕಂಪ್ರೆಸರ್ ಮುಂದಿನ ಸೀಲಿಗೆ ಎಣ್ಣೆ ತಾಗ್ತಾ ಇರ್ಬೇಕು, ತಿಂಗಳುಗಟ್ಲೆ ನಿಲ್ಸಿದ್ರೆ ಅದು ಒಣಗಿ ಅಲ್ಲಿಂದಲೇ ಗ್ಯಾಸ್ ಹೋಗುತ್ತೆ. ಡಿಸೆಂಬರಲ್ಲಿ ಎಸಿ ಹಾಕಿದ್ರೆ ಅಮ್ಮ ಬೈತಾರೆ, ಅದಕ್ಕೆ ನಾನು ಒಬ್ನೇ ಹೊಳಲ್ಕೆರೆ ರಸ್ತೆ ಕಡೆ ಹೋಗಿ ಬರ್ತೀನಿ.